ಡಿಪ್ಲೊಮಾಕ್ಕೂ ಪದವಿಗೂ ನಡುವಿನ ಆ ಎರಡು ವರ್ಷ

ಪಿಯುಸಿ ಫಲಿತಾಂಶ ಬಂದ ವಾರ ಹೊರರಾಜ್ಯದಲ್ಲಿರುವ ನಮ್ಮಂಥವರ ಫೋನಿಗೆ ಬಿಡುವಿರುವುದಿಲ್ಲ. ಊರಿನವರ ಲೆಕ್ಕದಲ್ಲಿ ನಾವು ‘ಓದಿಕೊಂಡವರು’. ಪುಣೆ, ಹೈದರಾಬಾದ್, ಚೆನ್ನೈ ಕಂಡವರು. ಯಾವ ಕೋರ್ಸ್ ಒಳ್ಳೆಯದು, ಫೀ ಎಷ್ಟು, ಮುಂದೆ ಕೆಲಸ ಸಿಗುತ್ತದೆಯೇ ಎಂಬ ಪ್ರಶ್ನೆಗಳೆಲ್ಲ ನಮ್ಮ ಬಳಿಗೇ ಬರುತ್ತವೆ. ಎಂಜಿನಿಯರಿಂಗ್ ಬಗ್ಗೆ ಕೇಳಿದರೆ ಅರ್ಧ ಗಂಟೆ ಮಾತಾಡಬಲ್ಲೆವು. ಆದರೆ ಬಾಗಲಕೋಟೆ ಕಡೆಯ ನಮ್ಮ ಬಂಧುವೊಬ್ಬರು ಈಚೆಗೆ ಕೇಳಿದ್ದು ಬೇರೆಯದೇ: ‘ತಮ್ಮಾ, ಹುಡುಗೀನ ನರ್ಸಿಂಗಿಗೆ ಹಾಕಬೇಕಂತ ಮಾಡೀವಿ. ಮೂರು ವರ್ಷದ್ದು ಛಲೋನೋ, ನಾಕು ವರ್ಷದ್ದು ಛಲೋನೋ?’

ಮೂರು ವರ್ಷದ್ದು ಅಂದರೆ ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾ. ನಾಲ್ಕು ವರ್ಷದ್ದು ಬಿ.ಎಸ್ಸಿ. ನರ್ಸಿಂಗ್ ಪದವಿ. ನಗರದಲ್ಲಿರುವ ನಾವು ಹಿಂದೆಮುಂದೆ ನೋಡದೆ ‘ಡಿಗ್ರಿಗೇ ಹಾಕಿ’ ಎಂದುಬಿಡುತ್ತೇವೆ. ಆ ಉತ್ತರದಲ್ಲಿ ತಪ್ಪಿಲ್ಲ, ಆದರೆ ಅದು ಎಲ್ಲರಿಗೂ ಸಲ್ಲುವ ಉತ್ತರವಲ್ಲ. ಡಿಪ್ಲೊಮಾ ಮುಗಿಸಿ, ಕೆಲಸಕ್ಕೆ ಸೇರಿ, ಆಮೇಲೆ ಅದರ ಮೇಲೆ ಪದವಿಯನ್ನು ಕೂಡಿಸಿಕೊಳ್ಳುವ ಮೂರನೆಯ ದಾರಿಯೊಂದಿದೆ. ಬಡ ಮನೆಯ ಮಕ್ಕಳಿಗೆ ಹಲವು ಬಾರಿ ಉಳಿದಿರುವುದು ಅದೊಂದೇ. ಆ ದಾರಿ ಕಾಗದದ ಮೇಲೆ ಚೆನ್ನಾಗಿಯೇ ಇದೆ. ನಡೆಯಲು ಹೊರಟರೆ ಮಾತ್ರ ನಡುವೆ ಹಳ್ಳ. ಈ ಅಂಕಣದಲ್ಲಿ ನಾನು ಹೇಳಹೊರಟಿರುವುದು ಆ ಹಳ್ಳದ ಬಗ್ಗೆ ಮತ್ತು ಅದನ್ನು ಮುಚ್ಚಬೇಕಾದವರ ಬಗ್ಗೆ.

ಮೊದಲು ನಿಯಮಗಳನ್ನು ನೋಡೋಣ. ಬಿ.ಎಸ್ಸಿ. ನರ್ಸಿಂಗ್‌ಗೆ ಸೇರಬೇಕಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ 45 ಅಂಕ ಬೇಕು. ಜಿಎನ್‌ಎಂಗೆ ಹಾಗಲ್ಲ. ವಿಜ್ಞಾನ ಓದಿದವರಿಗೆ ಆದ್ಯತೆ ಇದ್ದರೂ ಕಲಾ, ವಾಣಿಜ್ಯ ವಿಭಾಗದವರೂ ಸೇರಬಹುದು. ಇಂಗ್ಲಿಷ್ ಓದಿ ಶೇ 40 ಅಂಕ ಪಡೆದಿದ್ದರೆ ಸಾಕು. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ವಿಜ್ಞಾನ ವಿಭಾಗವೇ ಇಲ್ಲದ ಕಾರಣಕ್ಕೆ, ಅಥವಾ ಟ್ಯೂಷನ್‌ಗೆ ದುಡ್ಡಿಲ್ಲದ ಕಾರಣಕ್ಕೆ ಕಲಾ ವಿಭಾಗ ಸೇರಿದ ಹುಡುಗಿಗೆ ನೇರ ಪದವಿಯ ಬಾಗಿಲು ಹದಿನಾರನೇ ವಯಸ್ಸಿಗೇ ಮುಚ್ಚಿಹೋಗಿರುತ್ತದೆ. ಅವಳಿಗೆ ‘ಡಿಗ್ರಿಗೇ ಹಾಕಿ’ ಎಂದು ಸಲಹೆ ಕೊಡುವುದರಲ್ಲಿ ಅರ್ಥವಿಲ್ಲ.

ಜಿಎನ್‌ಎಂ ಮುಗಿಸಿ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿದವರಿಗೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಎಂಬ ಎರಡು ವರ್ಷದ ಪದವಿ ಇದೆ. ನಮ್ಮಲ್ಲಿ ಜಿಎನ್‌ಎಂ ಪರೀಕ್ಷೆಯನ್ನು ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ ನಡೆಸುತ್ತದೆ. ಪದವಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಹೀಗೆ ವೃತ್ತಿ ಡಿಪ್ಲೊಮಾ ಒಂದು ಕಡೆಯಿಂದ, ವಿಶ್ವವಿದ್ಯಾಲಯದ ಪದವಿ ಇನ್ನೊಂದು ಕಡೆಯಿಂದ ಬಂದು ಒಬ್ಬಳೇ ನರ್ಸ್‌ನ ಕೈಸೇರುತ್ತವೆ. ಕಲಾ ವಿಭಾಗದಲ್ಲಿ ಪಿಯುಸಿ ಮಾಡಿದವಳೂ ಕೊನೆಗೆ ನರ್ಸಿಂಗ್ ಪದವೀಧರೆಯಾಗಬಹುದು. ಈ ಮಾತು ಊರಿನ ಎಷ್ಟೋ ಮನೆಗಳಿಗೆ ಇನ್ನೂ ತಲುಪಿಲ್ಲ.

ನಾನೂ ಡಿಪ್ಲೊಮಾದಿಂದ ಬಂದವನೇ. ಎಸ್ಸೆಸ್ಸೆಲ್ಸಿ ಆದಮೇಲೆ ಪಾಲಿಟೆಕ್ನಿಕ್, ಅಲ್ಲಿಂದ ಬಿ.ಇ. ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ, ಕೆಲಸಕ್ಕೆ ಸೇರಿದ ಮೇಲೆ ಎಂ.ಟೆಕ್. ಹಾಗಾಗಿ ಎರಡೂ ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ನನಗೆ ಸಹಜ. ಎಂಜಿನಿಯರಿಂಗ್‌ನಲ್ಲಿ ಎಸ್ಸೆಸ್ಸೆಲ್ಸಿ ನಂತರ ಪಿಯುಸಿ 2 ವರ್ಷ, ಬಿ.ಇ. 4 ವರ್ಷ ಸೇರಿ 6. ಡಿಪ್ಲೊಮಾ 3, ಆಮೇಲಿನ ಬಿ.ಇ. 3 ಸೇರಿಯೂ 6. ಡಿಪ್ಲೊಮಾ ಹಿಡಿದವನಿಗೆ ಒಂದು ದಿನವೂ ನಷ್ಟವಿಲ್ಲ. ನರ್ಸಿಂಗ್‌ನಲ್ಲಿ ಪಿಯುಸಿ ನಂತರ ನೇರ ಪದವಿ 4 ವರ್ಷ. ಜಿಎನ್‌ಎಂ 3 ಮತ್ತು ಪೋಸ್ಟ್ ಬೇಸಿಕ್ 2 ಸೇರಿ 5. ಇಲ್ಲಿ ಒಂದು ವರ್ಷ ಹೆಚ್ಚು. ಎಎನ್‌ಎಂ ಮಾಡಿ ಹಳ್ಳಿಯ ಉಪಕೇಂದ್ರದಲ್ಲಿ ಕೆಲಸ ಮಾಡುವ ಸಿಸ್ಟರ್ ಮೇಲೇರಬೇಕೆಂದರೆ ಲೆಕ್ಕ ಇನ್ನೂ ಕಠಿಣ. ಎಎನ್‌ಎಂ 2, ಜಿಎನ್‌ಎಂ 3, ಪೋಸ್ಟ್ ಬೇಸಿಕ್ 2. ಇನ್ನೊಬ್ಬಳು 4 ವರ್ಷದಲ್ಲಿ ಪಡೆಯುವ ಪದವಿಗೆ ಇವಳು 7 ವರ್ಷ ತರಗತಿಯಲ್ಲಿ ಕೂರಬೇಕು. ಮೊದಲು ಕಲಿತದ್ದು, ನಡುವೆ ದುಡಿದದ್ದು ಯಾವುದೂ ಲೆಕ್ಕಕ್ಕಿಲ್ಲ.

ವರ್ಷಗಳ ಲೆಕ್ಕ ಹೋಗಲಿ ಎನ್ನೋಣ. ನಿಜವಾದ ಹಳ್ಳ ಇರುವುದು ಸಂಬಳದಲ್ಲಿ. ರೆಗ್ಯುಲರ್ ಪೋಸ್ಟ್ ಬೇಸಿಕ್ ಕೋರ್ಸ್ ಹಗಲಿನ ಕಾಲೇಜು. ಖಾಸಗಿ ಆಸ್ಪತ್ರೆಯಲ್ಲಿ ದುಡಿಯುವ ನರ್ಸ್ ಅದಕ್ಕೆ ಸೇರಬೇಕಾದರೆ ಕೆಲಸ ಬಿಡಬೇಕು.

ನನ್ನ ಚಿಕ್ಕಮ್ಮನ ಮಗಳು ಪುಣೆಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ನರ್ಸ್. ವಾಣಿಜ್ಯ ವಿಭಾಗದಲ್ಲಿ ಪಿಯುಸಿ ಮಾಡಿ, ವಿಜಯಪುರದಲ್ಲಿ ಜಿಎನ್‌ಎಂ ಓದಿ ಬಂದವಳು. ವೆಂಟಿಲೇಟರ್ ಮೇಲಿರುವ ರೋಗಿಯ ಉಸಿರಿನ ಏರಿಳಿತವನ್ನು ಅಲಾರಂಗಿಂತ ಮೊದಲೇ ಗುರುತಿಸಬಲ್ಲಳು. ಕೆಲಸಕ್ಕೆ ಹೊಸದಾಗಿ ಸೇರುವ ಪದವೀಧರ ಹುಡುಗಿಯರಿಗೆ ಮೊದಲ ತಿಂಗಳು ಕೈಹಿಡಿದು ಕಲಿಸುವವಳೂ ಅವಳೇ. ಆರು ತಿಂಗಳು ಕಳೆದ ಮೇಲೆ ಅವರ ಹೆಸರು ಬಡ್ತಿಯ ಪಟ್ಟಿಯಲ್ಲಿ ಮೇಲಿರುತ್ತದೆ. ಪದವಿ ಮುಗಿಸು ಎಂದು ನಾನೂ ನನ್ನ ಹೆಂಡತಿಯೂ ಹೇಳಿದಾಗ ಅವಳು ಕೇಳಿದ್ದು ಒಂದೇ: ‘ಅಣ್ಣಾ, ಎರಡು ವರ್ಷ ಪಗಾರ ಬಿಟ್ರ ಊರಾಗ ಮನಿ ಹೆಂಗ ನಡೀತದ?’ ಅಪ್ಪನ ಔಷಧ, ತಮ್ಮನ ಫೀ, ಸೊಸೈಟಿಯ ಸಾಲದ ಕಂತು ಎಲ್ಲವೂ ಆ ಪಗಾರದ ಮೇಲೇ ನಿಂತಿವೆ. ಅದರ ಜೊತೆ ಇನ್ನೊಂದು ತೊಡಕೂ ಇತ್ತು. ಕೆಲಸಕ್ಕೆ ಸೇರುವಾಗ ಬಾಂಡ್ ಎಂದು ಆಸ್ಪತ್ರೆಯವರು ಅವಳ ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಂಡಿದ್ದರು. ಪ್ರವೇಶಕ್ಕೆ ಮೂಲ ದಾಖಲೆ ಬೇಕು; ಮೂಲ ದಾಖಲೆ ಆಸ್ಪತ್ರೆಯ ಕಪಾಟಿನಲ್ಲಿದೆ. ಅವು ಕೈಸೇರುವ ಹೊತ್ತಿಗೆ ಆ ವರ್ಷದ ಪ್ರವೇಶ ಮುಗಿದಿತ್ತು.

ಇದನ್ನು ನನ್ನ ಎಂ.ಟೆಕ್ ಜೊತೆ ಹೋಲಿಸಿ ನೋಡಿ. ನಾನು ಅದನ್ನು ಓದಿದ್ದು ಒಂದು ದಿನವೂ ಸಂಬಳ ಬಿಡದೆ. ಶನಿವಾರ, ಭಾನುವಾರ ತರಗತಿ. ಪರೀಕ್ಷೆಯ ವಾರ ಮ್ಯಾನೇಜರ್ ಸಣ್ಣ ಕೆಲಸ ಕೊಡುತ್ತಿದ್ದರು. ಫೀಯ ಒಂದು ಪಾಲನ್ನು ಕಂಪನಿಯೇ ಭರಿಸಿತು. ನಮ್ಮ ಕ್ಷೇತ್ರದಲ್ಲಿ ಇದು ಯಾರಿಗೂ ಅಚ್ಚರಿಯಲ್ಲ. ಕೆಲಸದಲ್ಲಿರುವವರಿಗೆಂದೇ ವಿಶ್ವವಿದ್ಯಾಲಯಗಳು ಕೋರ್ಸ್ ರೂಪಿಸಿವೆ, ಕಂಪನಿಗಳು ಒಪ್ಪಂದ ಮಾಡಿಕೊಂಡಿವೆ. ಕಂಪ್ಯೂಟರ್ ಮುಂದೆ ಕುಳಿತು ಕೋಡ್ ಬರೆಯುವವನು ಇನ್ನಷ್ಟು ಓದುತ್ತೇನೆಂದರೆ ವ್ಯವಸ್ಥೆಯೇ ಅವನ ಕಡೆಗೆ ಬಗ್ಗುತ್ತದೆ. ಅರ್ಧರಾತ್ರಿ ಐಸಿಯುನಲ್ಲಿ ನಾಲ್ಕು ಜೀವ ಕಾಯುವವಳು ಅದೇ ಮಾತು ಹೇಳಿದರೆ ‘ರಾಜೀನಾಮೆ ಕೊಟ್ಟು ಹೋಗು’ ಎನ್ನುತ್ತದೆ. ಇಬ್ಬರಲ್ಲಿ ಯಾರ ಓದು ಸಮಾಜಕ್ಕೆ ಹೆಚ್ಚು ಬೇಕು ಎಂದು ಕೇಳಿದರೆ ನನ್ನ ವೃತ್ತಿಯವರೂ ಉತ್ತರಕ್ಕೆ ತಡವರಿಸಲಾರರು.

ಅಷ್ಟಕ್ಕೂ ಅನುಭವವಿದ್ದರೆ ಸಾಲದೇ, ಪದವಿ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಇದಕ್ಕೆ ಎರಡು ಉತ್ತರ.

ಒಂದು, ಪದವಿಯಿಂದ ತೆರೆಯುವ ಬಾಗಿಲುಗಳು. ಏಮ್ಸ್ ಸಂಸ್ಥೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ನಡೆಯುವ ನಾರ್ಸೆಟ್ ಪರೀಕ್ಷೆಗೆ ಬಿ.ಎಸ್ಸಿ. ಅಥವಾ ಪೋಸ್ಟ್ ಬೇಸಿಕ್ ಮುಗಿಸಿದವರು ನೇರವಾಗಿ ಅರ್ಜಿ ಹಾಕಬಹುದು. ಜಿಎನ್‌ಎಂ ಮಾತ್ರ ಇದ್ದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷದ ಅನುಭವ ಬೇಕು. ಆ ಹುದ್ದೆಯ ಮೂಲವೇತನ ಶುರುವಾಗುವುದೇ ₹44,900ರಿಂದ. ಎಂ.ಎಸ್ಸಿ. ನರ್ಸಿಂಗ್ ಓದಲು, ಮುಂದೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡಲು, ಐಸಿಯುಗೆ ಸಂಬಂಧಿಸಿದ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ಕೋರ್ಸ್ ಸೇರಲು ಪದವಿ ಇಲ್ಲದೆ ಆಗುವುದಿಲ್ಲ.

ಎರಡನೆಯದು, ರೋಗಿಗೆ ಆಗುವ ಲಾಭ. ಪೋಸ್ಟ್ ಬೇಸಿಕ್ ಪಠ್ಯದಲ್ಲಿ ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನಶಾಸ್ತ್ರ, ಪೌಷ್ಟಿಕತೆ, ಮಾನಸಿಕ ಆರೋಗ್ಯದ ಜೊತೆಗೆ ನರ್ಸಿಂಗ್ ಆಡಳಿತ, ಬೋಧನೆ, ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರವೂ ಇವೆ. ಕೆತೀಟರ್ ಹಾಕಿದ ರೋಗಿಗಳಲ್ಲಿ ಸೋಂಕು ಹೆಚ್ಚುತ್ತಿದೆ ಎಂದು ಅನುಭವಸ್ಥ ನರ್ಸ್‌ಗೆ ಮನಸ್ಸಿಗೆ ತೋಚಬಹುದು. ಅದನ್ನು ಎಣಿಸಿ, ಹಿಂದಿನ ತಿಂಗಳ ಜೊತೆ ಹೋಲಿಸಿ, ವೈದ್ಯರ ಮುಂದೆ ಇಟ್ಟು ಪದ್ಧತಿ ಬದಲಿಸಲು ಬೇಕಾದ ಕಲಿಕೆ ಅಲ್ಲಿದೆ. 2014ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಯುರೋಪಿನ 9 ದೇಶಗಳ 300 ಆಸ್ಪತ್ರೆಗಳನ್ನು ನೋಡಿತ್ತು. ಪದವೀಧರ ನರ್ಸ್‌ಗಳ ಪ್ರಮಾಣ ಶೇ 10ರಷ್ಟು ಹೆಚ್ಚಿದ್ದ ಕಡೆ, ಶಸ್ತ್ರಚಿಕಿತ್ಸೆ ಆದ ರೋಗಿಗಳು 30 ದಿನದೊಳಗೆ ಸಾಯುವ ಸಾಧ್ಯತೆ ಶೇ 7ರಷ್ಟು ಕಡಿಮೆ ಇದ್ದದ್ದು ಅದರಲ್ಲಿ ಕಂಡಿತು. ಅದು ಯುರೋಪಿನ ಚಿತ್ರ, ಹಾಗೆಯೇ ನಮ್ಮ ವಾರ್ಡಿಗೆ ಅಂಟಿಸಲಾಗದು. ಆದರೂ ನರ್ಸ್‌ನ ಓದು ಬರೀ ಸರ್ಟಿಫಿಕೇಟಿನ ಮಾತಲ್ಲ, ಹಾಸಿಗೆಯ ಮೇಲಿರುವವರ ಜೀವದ ಮಾತು ಎಂಬುದನ್ನು ಅದು ನೆನಪಿಸುತ್ತದೆ.

ಪದವಿ ಅಷ್ಟು ಮುಖ್ಯವಾದರೆ ಡಿಪ್ಲೊಮಾವನ್ನೇ ನಿಲ್ಲಿಸಿಬಿಡಬಾರದೇಕೆ? ಈ ಪ್ರಶ್ನೆ ನನ್ನದಲ್ಲ. ಜಿಎನ್‌ಎಂ ಕೈಬಿಟ್ಟು ಪದವಿಯೊಂದನ್ನೇ ಉಳಿಸಿಕೊಳ್ಳುವ ಮಾತು ಭಾರತೀಯ ನರ್ಸಿಂಗ್ ಕೌನ್ಸಿಲ್ ಮಟ್ಟದಲ್ಲೇ ಕೆಲ ವರ್ಷಗಳ ಹಿಂದೆ ಎದ್ದಿತ್ತು. ಅದರ ಹಿಂದಿನ ಉದ್ದೇಶ ಒಳ್ಳೆಯದೇ. ಆದರೆ ಮೇಲಿನ ಮೆಟ್ಟಿಲನ್ನು ಅಗಲ ಮಾಡದೆ ಕೆಳಗಿನ ಮೆಟ್ಟಿಲನ್ನು ಕಿತ್ತರೆ ಮೊದಲು ಹೊರಗುಳಿಯುವವರು ನಮ್ಮ ಹಳ್ಳಿಗಳ ಕಲಾ, ವಾಣಿಜ್ಯ ವಿಭಾಗದ ಹುಡುಗಿಯರು. ಮೂರನೇ ವರ್ಷ ಮುಗಿದ ಕೂಡಲೇ ಸಂಬಳ ತರಲೇಬೇಕಾದ ಮನೆಯವರು. ಡಿಪ್ಲೊಮಾ ಇರಲಿ, ಅದು ಕೊನೆಯ ನಿಲ್ದಾಣ ಆಗದಿರಲಿ ಎನ್ನುವುದು ನನ್ನ ವಾದ.

ಬೇರೆ ಕಡೆ ಇದನ್ನು ಹೇಗೆ ನಿಭಾಯಿಸಿದ್ದಾರೆ? ನಮ್ಮ ದೇಶದ ನರ್ಸ್‌ಗಳನ್ನು ಕರೆಸಿಕೊಳ್ಳುತ್ತಿರುವ ಜರ್ಮನಿಯನ್ನೇ ನೋಡಿ. ಅಲ್ಲಿ ನರ್ಸಿಂಗ್ ಮುಖ್ಯವಾಗಿ ವೃತ್ತಿ ತರಬೇತಿಯ ಮೂಲಕ ಕಲಿಯುವ ಕೆಲಸ. ಮೂರು ವರ್ಷದ ತರಬೇತಿಯಲ್ಲಿ ಕಲಿಯುವವರಿಗೆ ಪ್ರತಿ ತಿಂಗಳು ವೇತನ ಸಿಗುತ್ತದೆ. 2020ರಿಂದ ಜಾರಿಗೆ ಬಂದ ಹೊಸ ಕಾನೂನು ವಿಶ್ವವಿದ್ಯಾಲಯದ ಪದವಿಯ ದಾರಿಯನ್ನೂ ಅದರ ಪಕ್ಕದಲ್ಲಿ ಸೇರಿಸಿತು. ಆದರೆ ಪದವಿಯ ದಾರಿ ಹಿಡಿದವರಿಗೆ ಆ ವೇತನ ಇರಲಿಲ್ಲ. ಆ ಕೊರತೆ ತುಂಬಲು 2024ರಿಂದ ಪದವಿ ಓದುತ್ತಲೇ ನರ್ಸಿಂಗ್ ತರಬೇತಿ ಪಡೆಯುವವರಿಗೂ ಕೋರ್ಸ್‌ನ ಪೂರ್ತಿ ಅವಧಿಗೆ ವೇತನ ಕೊಡಬೇಕೆಂದು ಕಾನೂನು ತಿದ್ದಿದರು. ಓದು ಮತ್ತು ಸಂಬಳ ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ನರ್ಸ್‌ಗೆ ಹೇಳಬಾರದು ಎಂಬ ತಿಳಿವಳಿಕೆ ಆ ತಿದ್ದುಪಡಿಯ ಹಿಂದಿದೆ. ಅವರಷ್ಟು ಹಣ ನಮ್ಮಲ್ಲಿ ಇಲ್ಲದಿರಬಹುದು. ಆ ತಿಳಿವಳಿಕೆಗೆ ಹಣವೇನೂ ಬೇಕಿಲ್ಲ.

ನಮ್ಮಲ್ಲಿ ಕೆಲಸ ಬಿಡದೆ ಓದುವ ಒಂದು ದಾರಿ ಇದ್ದೇ ಇದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೊ, ಸೇವೆಯಲ್ಲಿರುವ ನರ್ಸ್‌ಗಳಿಗೆಂದೇ ಪೋಸ್ಟ್ ಬೇಸಿಕ್ ಪದವಿ ನಡೆಸುತ್ತದೆ. ಕನಿಷ್ಠ 3 ವರ್ಷದ ಕೋರ್ಸ್. ಜಿಎನ್‌ಎಂ ಮತ್ತು ನೋಂದಣಿಯ ನಂತರ 2 ವರ್ಷದ ಅನುಭವ ಬೇಕು, ಪ್ರವೇಶ ಪರೀಕ್ಷೆ ಬರೆಯಬೇಕು. ನನ್ನ ತಂಗಿ ಈಗ ಓದುತ್ತಿರುವುದು ಇದೇ ಪರೀಕ್ಷೆಗೆ. ಆದರೆ ಇಲ್ಲಿ ಸೀಟುಗಳು ಕಡಿಮೆ. ಪ್ರಾಯೋಗಿಕ ತರಬೇತಿಗೆ ನಿಗದಿತ ಕೇಂದ್ರಕ್ಕೇ ಹೋಗಬೇಕು. ಆ ದಿನಗಳಿಗೆ ಆಸ್ಪತ್ರೆ ರಜೆ ಕೊಡದಿದ್ದರೆ ಸೀಟು ಸಿಕ್ಕೂ ಪ್ರಯೋಜನವಿಲ್ಲ. ನೈಟ್ ಡ್ಯೂಟಿ ಮುಗಿಸಿ ಹ್ಯಾಂಡೋವರ್ ಕೊಟ್ಟು, ನಿದ್ದೆಗೆಟ್ಟ ಕಣ್ಣಲ್ಲಿ ಪುಸ್ತಕ ಹಿಡಿಯುವುದು ವಾರಾಂತ್ಯದ ಎಂ.ಟೆಕ್‌ನಷ್ಟು ಸಲೀಸಲ್ಲ.

ಹಾಗಾದರೆ ಆಗಬೇಕಾದದ್ದೇನು? ಆಸ್ಪತ್ರೆಗಳು ಮಾಡಬೇಕಾದದ್ದು ಮೊದಲು. ಪದವಿ ಓದುವ ನರ್ಸ್‌ಗೆ ಸ್ಥಿರ ಪಾಳಿ, ತರಬೇತಿ ದಿನಗಳಿಗೆ ರಜೆ, ಫೀಯಲ್ಲಿ ಒಂದು ಪಾಲು ಕೊಡಲಿ. ಪ್ರತಿಯಾಗಿ ಓದು ಮುಗಿದ ಮೇಲೆ ಇಂತಿಷ್ಟು ಅವಧಿ ಇಲ್ಲೇ ಕೆಲಸ ಮಾಡಬೇಕೆಂದು ಮುಕ್ತವಾಗಿ ಒಪ್ಪಂದ ಮಾಡಿಕೊಳ್ಳಲಿ. ಸಾಫ್ಟ್‌ವೇರ್ ಕಂಪನಿಗಳು ಮಾಡುವುದೂ ಇದನ್ನೇ. ಮೂಲ ಅಂಕಪಟ್ಟಿ ಕಪಾಟಿನಲ್ಲಿಟ್ಟು ಜನರನ್ನು ಉಳಿಸಿಕೊಳ್ಳುವುದು ಮಾತ್ರ ನಿಲ್ಲಲಿ. ಸಂಬಳದ ಮಾತೂ ಇದೆ. ಸುಪ್ರೀಂ ಕೋರ್ಟ್ 2016ರಲ್ಲಿ ನೀಡಿದ ನಿರ್ದೇಶನದಂತೆ ಕೇಂದ್ರ ಸರ್ಕಾರ ರಚಿಸಿದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳಲ್ಲಿ ನರ್ಸ್‌ಗಳಿಗೆ ಸರ್ಕಾರಿ ನರ್ಸ್‌ಗಳ ಸಮಾನ ವೇತನ ಇರಬೇಕು, 50ಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ ₹20,000ಕ್ಕಿಂತ ಕಡಿಮೆ ಇರಬಾರದು ಎಂದು ಶಿಫಾರಸು ಮಾಡಿತ್ತು. ಅದು ಎಲ್ಲೆಡೆ ಜಾರಿಯಾಗಿದ್ದರೆ ಓದಿಗೆಂದು ನಾಲ್ಕು ಕಾಸು ಕೂಡಿಡಲು ಆಗುತ್ತಿತ್ತು.

ಸರ್ಕಾರ ಮತ್ತು ನಿಯಂತ್ರಣ ಸಂಸ್ಥೆಗಳದ್ದು ಎರಡನೆಯ ಪಾಲು. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ. ವ್ಯವಸ್ಥೆಯನ್ನು ಹೊಸದಾಗಿ ಕಟ್ಟುವ ಇಂಥ ಹೊತ್ತಿನಲ್ಲೇ ಹಳೆಯ ಲೆಕ್ಕವನ್ನೂ ತಿದ್ದಬೇಕು. ಒಂದು ವರ್ಷವನ್ನು ಸುಮ್ಮನೆ ಕತ್ತರಿಸಿಬಿಡಿ ಎಂದು ನಾನು ಹೇಳುತ್ತಿಲ್ಲ. ರೋಗಿಯ ಸುರಕ್ಷತೆಯ ವಿಷಯದಲ್ಲಿ ಅಡ್ಡದಾರಿ ಬೇಡ. ಆದರೆ ಐದು ವರ್ಷ ಐಸಿಯುನಲ್ಲಿ ದುಡಿದವಳ ಅನುಭವವನ್ನು ಪರೀಕ್ಷಿಸಿ, ಅದಕ್ಕೆ ತಕ್ಕಷ್ಟು ಪ್ರಾಯೋಗಿಕ ಗಂಟೆಗಳ ವಿನಾಯಿತಿ ಕೊಡಲು ಅಡ್ಡಿಯೇನು? ಅವಳು ಕೆಲಸ ಮಾಡುವ ದೊಡ್ಡ ಆಸ್ಪತ್ರೆಯನ್ನೇ ತರಬೇತಿ ಕೇಂದ್ರವೆಂದು ಒಪ್ಪಲು ಅಡ್ಡಿಯೇನು? ರಾಜ್ಯ ವಿಶ್ವವಿದ್ಯಾಲಯಗಳೂ ಕೆಲಸದಲ್ಲಿರುವವರಿಗೆ ಹೊಂದುವ ವೇಳಾಪಟ್ಟಿ ತಂದರೆ ಇಗ್ನೊ ಒಂದರ ಮೇಲೆಯೇ ಭಾರ ಬೀಳುವುದಿಲ್ಲ. ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹೊರರಾಜ್ಯದ ಮಕ್ಕಳು ಗುಂಪುಗುಂಪಾಗಿ ನಮ್ಮಲ್ಲಿಗೆ ಬಂದು ಓದುತ್ತಾರೆ. ನಮ್ಮದೇ ಹಳ್ಳಿಯ ಡಿಪ್ಲೊಮಾ ನರ್ಸ್‌ಗೆ ಅಲ್ಲೊಂದು ಸಂಜೆಯ ಬೆಂಚು ಸಿಗಬಾರದೇ?

ಮೂರನೆಯ ಪಾಲು ನಮ್ಮದು, ಹೊರನಾಡಿನಲ್ಲಿ ನೆಲೆಸಿರುವವರದು. ಮೊದಲು ಸರಿಯಾದ ಮಾಹಿತಿ ಕೊಡೋಣ. ಆರು ತಿಂಗಳು, ಒಂದು ವರ್ಷದ ‘ನರ್ಸಿಂಗ್ ಅಸಿಸ್ಟೆಂಟ್’ ಕೋರ್ಸ್ ಎಂದು ಪೇಟೆಯಲ್ಲಿ ಬೋರ್ಡು ಹಾಕಿದವರ ಬಳಿ ಫೀ ಕಟ್ಟುವ ಮುಂಚೆ ಊರಿನವರನ್ನು ಎಚ್ಚರಿಸಬೇಕು. ಅದರಿಂದ ನರ್ಸ್ ಎಂಬ ನೋಂದಣಿಯೂ ಸಿಗದು, ಮುಂದೆ ಪದವಿಗೆ ಏರುವ ದಾರಿಯೂ ಇಲ್ಲ. ಜಿಎನ್‌ಎಂ ಶಾಲೆಗೆ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ಇದೆಯೇ, ಹೊರರಾಜ್ಯಕ್ಕೆ ಹೋಗುವ ಯೋಚನೆ ಇದ್ದರೆ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಪಟ್ಟಿಯಲ್ಲಿ ಅದರ ಹೆಸರಿದೆಯೇ ಎಂದು ಇಂಟರ್‌ನೆಟ್‌ನಲ್ಲಿ ನೋಡಿ ಹೇಳುವುದು ನಮಗೆ ಹತ್ತು ನಿಮಿಷದ ಕೆಲಸ. ಕರ್ನಾಟಕದಲ್ಲಿ ನೋಂದಣಿಯಾದ ನರ್ಸ್ ಪುಣೆಗೆ ಬಂದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಬರೆಸಬೇಕು. ಪದವಿ ಮುಗಿದ ಮೇಲೆ ಅದನ್ನೂ ಹೆಚ್ಚುವರಿ ಅರ್ಹತೆ ಎಂದು ಸೇರಿಸಬೇಕು. ಈ ಅರ್ಜಿಗಳ ಮುಂದೆ ಕುಳಿತು ಕಂಗಾಲಾಗುವ ಹುಡುಗ ಹುಡುಗಿಯರಿಗೆ ನಮ್ಮ ಲ್ಯಾಪ್‌ಟಾಪ್ ಮತ್ತು ಒಂದು ಭಾನುವಾರ ಸಾಕು.

ಕೊನೆಯದಾಗಿ ನಮ್ಮ ಕನ್ನಡ ಸಂಘಗಳಿಗೆ ಒಂದು ಮನವಿ. ರಾಜ್ಯೋತ್ಸವದ ವೇದಿಕೆಯಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ ನಾವು ಶಾಲು, ಫಲಕ, ಪ್ರೋತ್ಸಾಹಧನ ಕೊಡುತ್ತೇವೆ. ಅದು ಮುಂದುವರಿಯಲಿ. ಅದರ ಜೊತೆಗೆ, ಇದೇ ಊರಿನ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ಕನ್ನಡದ ಡಿಪ್ಲೊಮಾ ನರ್ಸ್ ಒಬ್ಬರ ಪದವಿಯ ಫೀಯನ್ನು ಪ್ರತಿ ವರ್ಷ ಒಂದೊಂದು ಸಂಘ ಹೊತ್ತುಕೊಳ್ಳಲಿ. ಹತ್ತು ಮಂದಿ ಸಾಫ್ಟ್‌ವೇರ್‌ನವರು ತಿಂಗಳಿಗೆ ಒಂದು ಹೋಟೆಲ್ ಊಟದ ಬಿಲ್ಲಿನಷ್ಟು ಹಾಕಿದರೂ ದೊಡ್ಡ ಆಸರೆಯಾಗುತ್ತದೆ. ಮೂರು ವರ್ಷದಲ್ಲಿ ಆಕೆ ಪದವೀಧರೆ. ಮುಂದಿನ ವರ್ಷ ಇನ್ನೊಬ್ಬರು.

ಪರವೂರಿನ ಆಸ್ಪತ್ರೆಯಲ್ಲಿ ನಮ್ಮ ಅಪ್ಪ ಅಮ್ಮ ಮಲಗಿದಾಗ, ಮರಾಠಿಯೋ ತೆಲುಗೋ ತಿಳಿಯದೆ ಕಣ್ಣು ಕಣ್ಣು ಬಿಡುವಾಗ, ‘ಎಲ್ಲಿ ನೋಯ್ತಿದೆ ಅಜ್ಜಾ?’ ಎಂದು ಕನ್ನಡದಲ್ಲಿ ಕೇಳುವ ನರ್ಸ್ ಸಿಕ್ಕರೆ ನಮಗೆ ಎಷ್ಟು ಧೈರ್ಯ ಬರುತ್ತದೆ ಎಂಬುದನ್ನು ಬಲ್ಲವರಿಗೆ ಈ ಮನವಿಯನ್ನು ವಿವರಿಸಬೇಕಿಲ್ಲ.